ಒಡ್ಡಿನ ಮೇಲಿನ ಎರಡು ಕುಣಿ

ಮಡಿವಾಳೆಪ್ಪನ ಕತ್ತು ಮತ್ತೆ ವಾಲಿತು. ಗೋಡೆಗೆ ಒರಗಿಸಿ ಕೂರಿಸಿದ್ದ ಗಂಡನ ಹೆಣದ ಗದ್ದ ಹಿಡಿದು ಶಿವಗಂಗವ್ವ ನೆಟ್ಟಗೆ ಮಾಡುತ್ತಿದ್ದಾಗ ಅಬ್ದುಲಗನಿ ಏದುಸಿರು ಬಿಡುತ್ತ ಬಂದ. ಗೆಳೆಯನಿಗಾಗಿ ಕೆರೆಯ ಒಡ್ಡಿನ ಮೇಲೆ ಕುಣಿ ತೋಡಲು ಹೋದವನು. ಅಂಗೈ ಬಿಚ್ಚಿದ. ಬೆಳ್ಳಗಿನ ಗುಂಡು ತತ್ತಿ.

"ಅಕ್ಕಾರ, ಮೊಳ ತೋಡೂದ್ರಾಗ ಹತ್ತು ಸಿಕ್ಕಾವ್ರಿ."

"ಹಾವಿಂದು! ಒಗಿ ಅದನ್ನ!" ಮೈದುನ ಶಂಕ್ರಪ್ಪ ಹಿಂದೆ ಸರಿದ.

"ಹಾವಿನ ತತ್ತಿ ಉದ್ದ, ಮೆತ್ತಗ ಇರತಾವ. ಇದು ಕಲ್ಲಿನಂಗ ಐತಿ. ಆಮಿ ತತ್ತಿರಿ ಇದು."

ಶಿವಗಂಗವ್ವ ತತ್ತಿ ನೋಡಿದಳು, ಗಂಡನ ಮುಖ ನೋಡಿದಳು.

*

ಎಪ್ಪತ್ತೆರಡರ ಬರಕ್ಕೆ ಕೆರೆ ಬಿರಿದು ಆಮೆಗಳೆಲ್ಲ ಸತ್ತಿದ್ದವು. ಮರುವರ್ಷ ಊರೆಲ್ಲ ಸೇರಿ ಹೂಳೆತ್ತಿತು, ಹೆಂಗಸರು ದಂಡೆಗೆ ಆಪಿನ ಹುಲ್ಲು ನೆಟ್ಟರು. ನೀರು ನಿಂತಿತು, ನಾತ ಹೋಗಲಿಲ್ಲ. "ಕೊಳೆತದ್ದು ತಿನ್ನೂ ಆಮಿ ಇಲ್ಲದ ಕೆರಿ, ಕಸಾ ಹೊಡೀದ ಮನಿ ಇದ್ದಂಗ," ಎಂದು ಮಡಿವಾಳೆಪ್ಪ ಗನಿಯನ್ನು ಕರೆದುಕೊಂಡು ಅಳ್ನಾವರದ ಕಡೆ ಹೋದ. ಹನ್ನೆರಡು ಆಮೆಗಳನ್ನು ಒದ್ದೆ ಚೀಲದಲ್ಲಿ ತುಂಬಿ ರೈಲು ಹತ್ತಿಸಿದ. ಟಿಕೀಟು ನೋಡುವವನಿಗೆ ತೆಂಗಿನಕಾಯಿ ಎಂದ. ಅಷ್ಟರಲ್ಲಿ ಚೀಲ ನಡೆಯತೊಡಗಿತು.

ಕೆರೆಗೆ ಬಿಟ್ಟ ದಿನ ಊರೇ ಒಡ್ಡಿಗೆ ಬಂದಿತ್ತು. ಆಮೇಲೆ ಈ ಮೂರು ವರ್ಷ ಒಂದೂ ಯಾರ ಕಣ್ಣಿಗೂ ಬೀಳಲಿಲ್ಲ.

"ಏನಪಾ, ನಿನ್ನ ತೆಂಗಿನಕಾಯಿ ತಿರುಗಿ ರೈಲು ಹತ್ತಿದ್ವೇನ?"

ಮಂದಿ ನಗುತ್ತಿದ್ದರು. ಹಾಸಿಗೆ ಹಿಡಿಯುವ ತನಕ ಆತ ದಿನಾ ಸಂಜೆ ಒಡ್ಡಿನ ಮೇಲೆ ಅದೇ ಜಾಗದಲ್ಲಿ ಕೂತು ನೀರು ನೋಡಿದ. ಅಲ್ಲೇ ಮಣ್ಣು ಮಾಡ್ರಿ ಎಂದಿದ್ದ.

*

"ತತ್ತಿ ತಗದು ಬ್ಯಾರೆ ಕಡೆ ಇಟ್ರಾತು," ಎಂದ ಶಂಕ್ರಪ್ಪ.

"ಕಿತ್ತಿಟ್ರ ಮರಿ ಆಗಂಗಿಲ್ಲ. ಇದೊಂದು ಕೆಟ್ಟಂಗ. ಉಳಿದಾವಾದ್ರೂ..." ಎಂದ ಗನಿ.

"ಹಂಗಂತ ತೋಡಿದ ಕುಣಿ ಬರಿದು ಮುಚ್ಚತೀಯೇನು? ಮನ್ಯಾಗ ಇನ್ನೊಬ್ಬರು ಹೋಗ್ತಾರ, ಗೊತ್ತೈತಿಲ್ಲೋ?" ಎಂದು ಶಂಕ್ರಪ್ಪ ದನಿ ಏರಿಸಿದ.

ಎಲ್ಲರೂ ಶಿವಗಂಗವ್ವನ ಕಡೆ ನೋಡಿದರು. ಆ ಜಾಗ ಬಿಟ್ಟರೆ ಗಂಡನ ಮಾತು ಮೀರಿದಂತೆ. ಬಿಡದಿದ್ದರೆ? ಅವನ ಕಿವಿಯ ಬಳಿ ಬಗ್ಗಿ, "ಏನ್ ಮಾಡ್ಲಿ, ಈಗರೆ ಹೇಳ್ರಿ," ಎಂದಳು. ಕತ್ತು ಮತ್ತೆ ವಾಲಿತು. ಹೌದೆಂದೋ ಬೇಡವೆಂದೋ.

"ಈ ಮನ್ಯಾಗ ಉಳಿದಾಕಿ ನಾ ಒಬ್ಬಾಕಿ," ಎಂದಳು ಕೊನೆಗೆ. "ಹೋದ್ರ ನಾ ಹೋದೇನು. ಅದನ್ನ ಹಂಗ ಮುಚ್ಚಿ, ಬಾಜೂಕ ಇನ್ನೊಂದು ತೋಡ್ರಿ."

ಹೊತ್ತು ಮುಳುಗುವ ಮುಂಚೆ ಮಡಿವಾಳೆಪ್ಪನನ್ನು ಕುಣಿಯಲ್ಲಿ ಕೂರಿಸಿದರು. ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ಆ ಒಂದು ತತ್ತಿ. ಇಟ್ಟವರು ಯಾರೆಂದು ಶಂಕ್ರಪ್ಪ ಕೇಳಲಿಲ್ಲ.

ಪರವೂರಿಂದ ತಡವಾಗಿ ಬಂದ ಗೆಳತಿ ರೇವವ್ವ ಒಡ್ಡು ಹತ್ತಿದಾಗ ಎರಡು ಹಸಿ ಗುಡ್ಡೆ ಕಂಡವು. ಒಂದು ದೊಡ್ಡದು, ಒಂದು ಸಣ್ಣದು.

"ಇದ್ಯಾರ ಕೂಸಿಂದಬೇ, ಶಿವಗಂಗಾ?"

ಶಿವಗಂಗವ್ವ ಸಣ್ಣ ಗುಡ್ಡೆಯ ಮಣ್ಣನ್ನು ಅಂಗೈಯಿಂದ ಸವರಿದಳು. ರೇವವ್ವ ತಂದಿದ್ದ ಬಿಲ್ವಪತ್ರಿಯನ್ನು ಅರ್ಧ ಅಲ್ಲಿ, ಅರ್ಧ ಇಲ್ಲಿ ಹಾಕಿ ಕೈಮುಗಿದಳು. ಅವಳ ಹಿಂದೆ ಬಂದವರೂ ಹಾಗೇ ಮಾಡಿದರು.