ಮುಚ್ಚಳ ತೆಗೆದ ಮೇಲೆ

ದತ್ತಾತ್ರೇಯರು ಧೈರ್ಯಕ್ಕೆ ಹೆಸರಾದವರಲ್ಲ. ಬಚ್ಚಲಲ್ಲಿ ಜಿರಲೆ ಕಂಡರೆ ಹೆಂಡತಿ ಯಮುನಾಬಾಯಿಯನ್ನು ಕೂಗುವ ಪೈಕಿ. ನೀರೆಂದರಂತೂ ಮುಗಿದೇ ಹೋಯಿತು. ಐವತ್ತೇಳು ವರ್ಷದಲ್ಲಿ ಒಮ್ಮೆಯೂ ಹೊಳೆಗೆ ಮೊಣಕಾಲು ಮೀರಿ ಇಳಿದವರಲ್ಲ. ಅಂಥ ಮನುಷ್ಯ ಹಾಡಹಗಲು ಮೂರು ಗಂಟೆಗೆ ಅಬಿಡ್ಸ್ ಪೇಟೆಯ ಹಿಂದಿನ ಗಲ್ಲಿಯಲ್ಲಿ, ತೊಡೆಮಟ್ಟದ ಕೆಸರುನೀರಿನ ನಡುವೆ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದರು.

"ಇಧರ್ ಮತ್ ಆವ್! ಇಟು ರಾಕಂಡಿ! ಗಡ್ಢಾ ಹೈ, ಗಡ್ಢಾ!"

ಈ ಕಡೆ ಬರಬೇಡಿ, ಗುಂಡಿ ಇದೆ ಎಂದು ಹಿಂದಿ, ತೆಲುಗು ಎರಡರಲ್ಲೂ. ಹೈದರಾಬಾದಿನಲ್ಲೇ ಹುಟ್ಟಿ ಬೆಳೆದವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಬಾಯಿಗೆ ಬಂದ ಭಾಷೆ.

ಆದದ್ದಿಷ್ಟು. ಬೆಳಗ್ಗಿನಿಂದ ಸುರಿದ ಮಳೆಗೆ ಇವರ ಸರ್ಕಾರಿ ಆಫೀಸು ಬೇಗ ಬಿಟ್ಟಿತ್ತು. ಕೋಠಿಯ ಮನೆಗೆ ಹತ್ತಿರವೆಂದು ಈ ಗಲ್ಲಿ ಹಿಡಿದರೆ, ನಾಲ್ಕು ಮಂದಿ ಅಂಗಡಿಯವರು ಹಾರೆ ಹಾಕಿ ಮೋರಿಯ ಕಬ್ಬಿಣದ ಮುಚ್ಚಳ ಎಬ್ಬಿಸುತ್ತಿದ್ದರು. ಪಾಪ, ನೀರು ಅಂಗಡಿಯೊಳಗೆ ನುಗ್ಗುತ್ತಿತ್ತು. "ಚಾಚಾ, ಜರಾ ಹಾಥ್ ಲಗಾವ್" ಎಂದರು, ಇವರೂ ಕೈ ಹಚ್ಚಿದರು. ಉಪಕಾರ ಮಾಡಿದ ಹಿಗ್ಗು ಐದು ನಿಮಿಷವೂ ಬಾಳಲಿಲ್ಲ. ಮೇಲಿನ ರಸ್ತೆಯ ನೀರು ಇಮ್ಮಡಿಯಾಗಿ ಇಳಿಯಿತು, ಮುಚ್ಚಳ ಎಲ್ಲಿ ಮುಳುಗಿತೋ ಕಾಣಲಿಲ್ಲ, ಅಂಗಡಿಯವರು ಷಟರ್ ಎಳೆದು ಓಡಿದರು. ಬಾಯಿ ತೆರೆದ ಮೋರಿಯ ಮೇಲೆ ನೀರು ಸಪಾಟಾಗಿ, ಏನೂ ಆಗಿಲ್ಲವೆಂಬಂತೆ ಹರಿಯತೊಡಗಿತು. ಅದು ಎಲ್ಲಿದೆಯೆಂದು ಬಲ್ಲವರು ಈಗ ಇಡೀ ಗಲ್ಲಿಯಲ್ಲಿ ಇವರೊಬ್ಬರೇ.

ಇವರೂ ಹೊರಟಿದ್ದರು, ಸುಳ್ಳು ಯಾಕೆ ಹೇಳಬೇಕು? ಹತ್ತು ಹೆಜ್ಜೆ ಹಾಕಿದ್ದರು. ಅಷ್ಟರಲ್ಲಿ ಕಾಲೇಜು ಹುಡುಗಿಯೊಬ್ಬಳು ಚೀಲ ತಲೆಯ ಮೇಲೆ ಹೊತ್ತು ನೇರ ಅಲ್ಲಿಗೇ ಬಂದಳು. ಇವರು ಕಿರುಚಿದ್ದಕ್ಕೆ ಬೆದರಿ ಗೋಡೆಗೆ ಸರಿದು ದಾಟಿದಳು. ಆಮೇಲೆ ಇವರ ಕಾಲು ಮುಂದಕ್ಕೆ ಏಳಲಿಲ್ಲ. ಪೊಲೀಸರಿಗೆ ಫೋನು ಮಾಡಿದರು. "ವಸ್ತುನ್ನಾಂ ಸಾರ್", ಬರುತ್ತಿದ್ದೇವೆ ಎಂದವರು ಬರಲೇ ಇಲ್ಲ. ಯಮುನಾಬಾಯಿಯ ಫೋನು ಬಂತು.

"ಎಲ್ಲಿ ಅದೀರಿ? ಏನ್ ಮಾಡಾಕತ್ತೀರಿ?"

ಹೇಳಿದರು.

"ಊರ ಉಸಾಬರಿ ನಿಮಗ್ಯಾಕ್ರಿ? ನೀವೊಬ್ಬರ ತೆಗದೀರೇನು?"

"ಉಳದಾವ್ರೆಲ್ಲಾ ಹೋಗ್ಯಾರ, ಯಮುನಾ."

"ಕಂಬಕ್ಕ ಕೈ ಹಚ್ಚಬ್ಯಾಡ್ರಿ. ಕರೆಂಟ್ ಇರ್ತೈತಿ."

ಅಲ್ಲಿಯವರೆಗೆ ಇವರು ಹಿಡಿದಿದ್ದು ಕಂಬವನ್ನೇ. ಸುಟ್ಟುಕೊಂಡವರ ಹಾಗೆ ಕೈ ಕಿತ್ತುಕೊಂಡರು. ಈಗ ಹಿಡಿಯಲು ಏನೂ ಇಲ್ಲ. ನೀರು ಮೀನಖಂಡ ಹಿಡಿದು ಮೋರಿಯ ಕಡೆಗೇ ಎಳೆಯುತ್ತಿತ್ತು, ಪಾದದ ಕೆಳಗಿನ ಮಣ್ಣು ಸರಿಯುತ್ತಿತ್ತು.

"ಅಯ್ಯೋ ಗುರುರಾಯಾ, ಕಾಪಾಡೋ ನಮ್ಮಪ್ಪಾ!"

"ಸಾರ್, ಕನ್ನಡದವ್ರಾ?"

ಹಿಂದೆ ಒಬ್ಬ ಯುವಕ. ಕೊರಳಲ್ಲಿ ಕಂಪನಿಯ ಬಿಲ್ಲೆ, ಮಂಡಿವರೆಗೆ ಮಡಚಿದ ಪ್ಯಾಂಟು. "ನಾನು ತರುಣ ಅಂತ, ಮೈಸೂರು. ಹೈಟೆಕ್ ಸಿಟೀಲಿ ಕೆಲಸ. ಪುಸ್ತಕ ತಗೊಳ್ಳೋಕೆ ಬಂದು ಸಿಕ್ಕಾಕ್ಕೊಂಡೆ."

ಇವರು ಎಲ್ಲ ಹೇಳಿ ಮೋರಿಯ ಜಾಗ ತೋರಿಸಿದರು. "ಸಾರ್, ನಡುಗ್ತಿದ್ದೀರ. ನೀವು ಹೊರಡಿ, ನಾನು ನಿಂತ್ಕೋತೀನಿ" ಎಂದ ತರುಣ.

"ಖರೇನೇ ನಿಲ್ತೀಯೇನಪಾ?"

"ನಿಲ್ತೀನಿ ಸಾರ್. ನಮ್ಮೋರಿಗೆ ನಾವಲ್ದೆ ಇನ್ಯಾರು?"

ಬೇರೆ ಯಾರಾದರೂ ಹೀಗೆಂದಿದ್ದರೆ ದತ್ತಾತ್ರೇಯರು ನಾಲ್ಕು ಪ್ರಶ್ನೆ ಕೇಳುತ್ತಿದ್ದರು. ಕನ್ನಡ ಕಿವಿಗೆ ಬಿದ್ದದ್ದೇ ಪ್ರಶ್ನೆಗಳೆಲ್ಲ ಕರಗಿದವು. ಭಾಷೆ ನಮ್ಮದಾದರೆ ಕೊಟ್ಟ ಮಾತೂ ಗಟ್ಟಿ ಎಂದು ನಂಬುವ ಹುಚ್ಚು ಪರವೂರಿನ ಕನ್ನಡಿಗರಿಗೆ ಅಂಟಿದ ಜಾಡ್ಯ, ಏನು ಮಾಡುವುದು!

ಗಲ್ಲಿಯ ಕೊನೆಯ ಅಂಗಡಿಯ ಮೆಟ್ಟಿಲು ಹತ್ತಿ, ನೀರಿನಿಂದ ಹೊರಗೆ ನಿಂತು, ಉಸಿರು ಬಿಟ್ಟು ತಿರುಗಿ ನೋಡಿದರು. ತರುಣನಿಲ್ಲ. ಮೋರಿಯಲ್ಲಿ ಒಂದು ಬಿದಿರಿನ ಗಳ, ಅದರ ತುದಿಗೆ ಪ್ಲಾಸ್ಟಿಕ್ ಚೀಲ. ಪುಣ್ಯಾತ್ಮ, ತನ್ನ ಬದಲು ಗಳ ನಿಲ್ಲಿಸಿ ಹೋಗಿದ್ದ. ನೋಡುತ್ತಿದ್ದಂತೆಯೇ ಗಳ ವಾಲಿತು, ಒಂದು ಸುತ್ತು ಸುತ್ತಿತು, ಚೀಲದ ಸಮೇತ ಒಳಗೆ ಇಳಿದುಹೋಯಿತು. ಎರಡು ಆಳುದ್ದದ ಗಳ. ಮೋರಿ ಅಷ್ಟು ಆಳವಿತ್ತು.

ಅದೇ ಹೊತ್ತಿಗೆ ಆ ಕಡೆಯಿಂದ ಒಬ್ಬ ಹೆಂಗಸು ಬಂದಳು. ಸೊಂಟದಲ್ಲಿ ಮಗು, ಕೈಯಲ್ಲಿ ಕೊಡೆ. ನೇರ ಅಲ್ಲಿಗೇ.

ದತ್ತಾತ್ರೇಯರು ಕೂಗಿದರು. ಗಂಟಲು ಬಿದ್ದುಹೋಗಿತ್ತು, ಬರೀ ಗಾಳಿ ಹೊರಟಿತು. ಕಾಲ ಕೆಳಗೆ ಒಣ ಮೆಟ್ಟಿಲು ಇತ್ತು. ಇಲ್ಲೇ ನಿಂತರೂ ಕೇಳುವವರಿಲ್ಲ, ತಪ್ಪು ಆ ಹುಡುಗನದು, ತಾನು ಒಪ್ಪಿಸಿ ಬಂದವನು. ಇಷ್ಟೆಲ್ಲ ಯೋಚನೆ ತಲೆಯಲ್ಲಿ ಓಡುವಷ್ಟರಲ್ಲಿ ಅವರು ನೀರಿಗೆ ಇಳಿದಾಗಿತ್ತು. ಮುಗ್ಗರಿಸಿದರು, ಕೊಳೆನೀರು ಬಾಯಿಗೆ ಹೋಯಿತು, ಎದ್ದರು. ಹೆಂಗಸಿನ ರಟ್ಟೆ ಕೈಗೆ ಸಿಕ್ಕಿದ್ದೇ ಜಗ್ಗಿ ಎಳೆದರು.

ಫಟೀರನೆ ಕೆನ್ನೆಗೆ ಬಿತ್ತು.

"ಸಿಗ್ಗು ಲೇದಾ ನೀಕು!" ನಾಚಿಕೆಯಿಲ್ಲವೇ ನಿನಗೆ ಎಂದು ತೆಲುಗಿನಲ್ಲಿ ಅಬ್ಬರಿಸಿದಳು. ಹೊಡೆದ ರಭಸಕ್ಕೆ ಕೊಡೆ ಕೈಜಾರಿತ್ತು. ಅದು ಒಂದು ಮಾರು ತೇಲಿತು, ಗಿರ್ರನೆ ತಿರುಗಿತು, ಕಡ್ಡಿಗಳು ಮುರಿದ ಸದ್ದು ಕೇಳಿಸಿತು, ಇಲ್ಲವಾಯಿತು.

"ಅಮ್ಮಾ, ಗೊಡುಗು ಪೋಯಿಂದಿ" ಎಂದಿತು ಮಗು, ಕೊಡೆ ಹೋಯಿತೆಂದು.

ಹೆಂಗಸು ಕೊಡೆ ಹೋದ ಜಾಗ ನೋಡಿದಳು, ಮಗುವನ್ನು ನೋಡಿದಳು. ದತ್ತಾತ್ರೇಯರು ಅಳುತ್ತಿದ್ದರು, ಮರ್ಯಾದೆ ಬಿಟ್ಟು, ಬಿಕ್ಕಿ ಬಿಕ್ಕಿ. "ನೀ ಹೋಗವ್ವಾ. ನಾ ಇಲ್ಲೇ ನಿಲ್ತೀನಿ" ಎಂದು ಕನ್ನಡದಲ್ಲೇ ಅಂದರು, ಬೇರೆ ಭಾಷೆ ನೆನಪಿಗೆ ಬರಲಿಲ್ಲ.

ಅವಳಿಗೆ ಎಷ್ಟು ಅರ್ಥವಾಯಿತೋ. ಮಗುವನ್ನು ಪಕ್ಕದ ಅಂಗಡಿಯ ಎತ್ತರದ ಕಟ್ಟೆಯ ಮೇಲೆ ಕೂರಿಸಿ, ಕದಲಬೇಡವೆಂದು ಗದರಿ, ಸೀರೆ ಎತ್ತಿ ಕಟ್ಟಿ ಮತ್ತೆ ನೀರಿಗೆ ಇಳಿದಳು. ಹೊಡೆದ ಕೈಯಿಂದಲೇ ಇವರ ಮಣಿಕಟ್ಟು ಹಿಡಿದಳು. ಗಲ್ಲಿಯ ತುದಿಯಲ್ಲಿ ಮತ್ತೆ ಮೂರು ಜನ ಕಾಣಿಸಿಕೊಂಡರು. ಇವರಿಗೆ ಗಂಟಲಿರಲಿಲ್ಲ, ಅವಳೇ ಕೂಗಿದಳು.