ಪಟಾಲಮ್ಮ ಕುಡಿದ ಕಾಫಿ

ಕದರಪ್ಪ ಮಧುಗಿರಿಯ ಪ್ರೈಮರಿ ಶಾಲೆಗೆ ಮೇಷ್ಟ್ರಾಗಿ ವರ್ಗವಾಗಿ ಬಂದದ್ದು ಎಂಬತ್ತೊಂದರಲ್ಲಿ. ಅವನ ಊರು ವೈ.ಎನ್.ಹೊಸಕೋಟೆ ಹತ್ತಿರದ ಹಳ್ಳಿ. ಬೆಲ್ಲದ ಟೀ ಕುಡಿದು ಬೆಳೆದವನು. ಹೆಡ್‌ಮಿಸ್ ಸರೋಜಮ್ಮ ಒಂದು ಸಂಜೆ ಮನೆಗೆ ಕರೆದು ಕೊಟ್ಟ ಫಿಲ್ಟರ್ ಕಾಫಿ ಅವನ ನಾಲಿಗೆಯಲ್ಲಿ ಉಳಿದುಬಿಟ್ಟಿತು. ಮುಂದಿನ ವಾರವೇ ಹಿತ್ತಾಳೆಯದೊಂದು ಫಿಲ್ಟರ್ ಮನೆಗೆ ಬಂತು.

ತಾನು ಕುಡಿಯಬೇಕೆಂಬುದಕ್ಕಿಂತ ಅವ್ವನಿಗೆ ಕುಡಿಸಬೇಕೆಂಬ ಆಸೆ ದೊಡ್ಡದಿತ್ತು. ಅವ್ವ ಪಟಾಲಮ್ಮ ಮಗನನ್ನು ಓದಿಸಲೆಂದು ಆರು ಚಳಿಗಾಲ ಗಂಡನ ಜೊತೆ ಚಿಕ್ಕಮಗಳೂರು ಸೀಮೆಯ ತೋಟಕ್ಕೆ ಕಾಫಿ ಹಣ್ಣು ಬಿಡಿಸಲು ಹೋಗಿದ್ದಳು. ಆಗ ಕದರಪ್ಪ ಊರಲ್ಲೇ ಅಜ್ಜಿಯ ಬಳಿ ಇರುತ್ತಿದ್ದ. ಅಷ್ಟು ಹಣ್ಣು ಬಿಡಿಸಿದ ಕೈಗೆ ಒಂದು ಲೋಟ ಒಳ್ಳೆ ಕಾಫಿಯನ್ನು ಯಾರೂ ಕೊಟ್ಟಿರಲಾರರು, ತಾನಾದರೂ ಕೊಡಬೇಕು ಎಂದುಕೊಂಡ.

ಕಲಿಯುವುದು ಸುಲಭವಾಗಲಿಲ್ಲ. ಮೊದಲ ದಿನ ಪುಡಿಯನ್ನು ಗಟ್ಟಿಯಾಗಿ ಒತ್ತಿದ್ದರಿಂದ ಸ್ಕೂಲಿನ ಗಂಟೆ ಹೊಡೆಯುವ ಹೊತ್ತಾದರೂ ಒಂದು ಹನಿ ಇಳಿಯಲಿಲ್ಲ. ಮರುದಿನ ಒತ್ತದೆ ಬಿಟ್ಟ. ನೀರು ಕೆರೆಯ ರಾಡಿಯಂತೆ ಸರ್ರನೆ ಇಳಿದುಹೋಯಿತು. ಆರಿದ ಡಿಕಾಕ್ಷನ್ನನ್ನು ಒಲೆಯ ಮೇಲಿಟ್ಟು ಕುದಿಸಿ ಕಹಿ ಮಾಡಿದ. ಹೆಂಡತಿ ಮಹಾಲಕ್ಷ್ಮಮ್ಮ, ಹಾಲಿಗೆ ಹಿಡಿದ ಶನಿ ಇದು ಎಂದು ನಕ್ಕಳು. ಅವನು ಬಿಡಲಿಲ್ಲ. ಸರೋಜಮ್ಮನನ್ನು ಕೇಳಿ ಕೇಳಿ, ಪುಡಿ ಎಷ್ಟು, ಚಿಕೋರಿ ಎಷ್ಟು, ನೀರು ಯಾವ ಹದಕ್ಕೆ ಕುದಿಯಬೇಕು ಎಂದು ತಿಳಿದುಕೊಂಡ. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮಹಾಲಕ್ಷ್ಮಮ್ಮನೇ ಇನ್ನರ್ಧ ಲೋಟ ಕೇಳಿದಳು. ಅಂದೇ ಅವ್ವನಿಗೆ ಕಾಗದ ಬರೆದ.

ಸಂಕ್ರಾಂತಿ ಕಳೆದ ಮೇಲೆ ಪಟಾಲಮ್ಮ ಬಂದು ಎಂಟು ದಿನ ಇದ್ದಳು. ದಿನಾ ಬೆಳಿಗ್ಗೆ ಕದರಪ್ಪ ತಾನೇ ಕಾಫಿ ಮಾಡಿ ಅವ್ವನ ಕೈಗೆ ಕೊಟ್ಟ. ಅವಳು ಲೋಟವನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಔಷಧಿ ಕುಡಿಯುವವರ ಹಾಗೆ ಒಂದೇ ಸಲಕ್ಕೆ ಕುಡಿದು ಹಿತ್ತಿಲಿಗೆ ಹೋಗುತ್ತಿದ್ದಳು. ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎನ್ನುತ್ತಿದ್ದಳು. ಅತ್ತೆ ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಉಗಿಯುತ್ತಾರೆ ಎಂದು ಮಹಾಲಕ್ಷ್ಮಮ್ಮ ಹೇಳಿದಾಗ, ಅಭ್ಯಾಸವಿಲ್ಲ, ಆಗುತ್ತೆ ಎಂದುಬಿಟ್ಟ. ಒಂದು ದಿನ ಆಗಷ್ಟೇ ಬೀಸಿಸಿ ತಂದ ಪುಡಿಯನ್ನು ಅವ್ವನ ಮುಖದ ಹತ್ತಿರ ಹಿಡಿದು ವಾಸನೆ ನೋಡು ಎಂದ. ಪಟಾಲಮ್ಮ ಕಣ್ಣು ಮುಚ್ಚಿ ತಲೆಯಾಡಿಸಿದಳು. ಅವ್ವನಿಗೆ ಸಂತೋಷ ಹೆಚ್ಚಾಗಿದೆ ಎಂದು ಅವನು ತಿಳಿದ.

ಯುಗಾದಿಗೆ ಅವ್ವನ ತಂಗಿ ಕೊಲ್ಲಾಪುರಮ್ಮ ಬಂದಳು. ಅವ್ವ ಎಂಟು ದಿನವೂ ಕಾಫಿ ಕುಡಿದಳೆಂದು ಕದರಪ್ಪ ಹೆಮ್ಮೆಯಿಂದ ಹೇಳಿದಾಗ ಅವಳು ಲೋಟವನ್ನು ಕೆಳಗಿಟ್ಟಳು.

“ಅಕ್ಕ ಕುಡುದ್ಲಾ? ನಿಂಗೆ ಯಾರೂ ಯೋಳಿಲ್ವಾ?”

ಅವಳು ಹೇಳಿದ್ದು ಇಷ್ಟು. ಕದರಪ್ಪನಿಗೆ ಐದು ವರ್ಷವಾಗಿದ್ದಾಗ ಪಟಾಲಮ್ಮ ಬಸುರಿಯಾಗಿಯೇ ತೋಟಕ್ಕೆ ಹೋಗಿದ್ದಳು. ಅಲ್ಲೇ ಒಂದು ಹೆಣ್ಣು ಮಗು ಹುಟ್ಟಿತು. ಒಂದೂವರೆ ತಿಂಗಳಿಗೆ ಜ್ವರ ಬಂದು ಫಿಟ್ಸ್ ಆಯಿತು. ಆಸ್ಪತ್ರೆಗೆ ಜೀಪು ಕೇಳಲು ಪಟಾಲಮ್ಮ ಮಗುವನ್ನೆತ್ತಿಕೊಂಡು ತೋಟದ ಲೆಕ್ಕ ಬರೆಯುವ ರೈಟರನ ಮನೆ ಬಾಗಿಲಿಗೆ ಹೋದಳು. ಒಳಗೆ ಕಾಫಿ ಸೋಸುತ್ತಿದ್ದರು. ಕುಡಿದು ಬರುತ್ತೇನೆ, ಇರು ಎಂದ ರೈಟರ. ಅವನು ಹೊರಗೆ ಬರುವಷ್ಟರಲ್ಲಿ ಮಗು ಹೋಗಿತ್ತು.

“ಆವತ್ತಿಂದ ಆ ವಾಸ್ನೆ ಅಂದ್ರೆ ಎದ್ದೋಗ್ಬುಡ್ತಾಳೆ ಕಣಪ್ಪ. ಮದ್ವೆ ಮನೇಲೂ ಕುಂತ್ಕಳಾಕಿಲ್ಲ.”

ಕದರಪ್ಪ ಮುಂದಿನ ಭಾನುವಾರ ಮೊದಲ ಬಸ್ಸಿಗೆ ಊರಿಗೆ ಹೋದ. ಪಟಾಲಮ್ಮ ಪಡಸಾಲೆಯಲ್ಲಿ ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತಿದ್ದಳು. ಅವನೂ ಪಕ್ಕದಲ್ಲಿ ಕೂತು ಸುಲಿಯತೊಡಗಿದ. ಸುಲಿಯುತ್ತಲೇ ಹೇಳಿದ.

“ನಂಗೊತ್ತಿರ್ಲಿಲ್ಲ ಕಣವ್ವ. ಬ್ಯಾಡ ಅನ್ಬಾರ್ದಾ?”

ಕೊಲ್ಲಾಪುರಮ್ಮ ಹೇಳಿದ್ದಾಳೆಂದು ಅವಳಿಗೆ ಅರ್ಥವಾಯಿತು. ಕೈ ನಿಲ್ಲಿಸಲಿಲ್ಲ.

“ನೀನು ಅಷ್ಟು ಆಸೆಯಿಂದ ಮಾಡ್ಕೊಟ್ಯಲ್ಲಪ್ಪ. ಹೆಂಗ್ ಬ್ಯಾಡ ಅನ್ಲಿ?”

ಮಗುವಿನ ಹೆಸರೇನು ಎಂದು ಕೇಳಿದ. ಊರಿಗೆ ಬಂದ ಮೇಲೆ ಇಡೋಣ ಅಂತಿದ್ದೆವು, ಇಟ್ಟಿರಲಿಲ್ಲ ಎಂದಳು. ಕಿವಿ ಮಾತ್ರ ನಿನ್ನ ಹಾಗೇ ಇತ್ತು ಎಂದಳು. ಅದು ಯಾವ ತೋಟ, ಮಗುವನ್ನು ಎಲ್ಲಿ ಮಣ್ಣು ಮಾಡಿದಿರಿ ಎಂದು ಕೇಳಬೇಕೆನ್ನಿಸಿತು. ಆದರೆ ಅವಳ ಮುಖ ನೋಡಿ, ಇವತ್ತಿಗೆ ಇಷ್ಟು ಸಾಕು, ಇನ್ನೊಂದು ದಿನ ಕೇಳಿದರಾಯಿತು ಎಂದು ಸುಮ್ಮನಾದ. ಆಮೇಲೆ ಎಷ್ಟೋ ಸಲ ಊರಿಗೆ ಹೋದ. ಪ್ರತಿ ಸಲವೂ ಕೇಳುವುದನ್ನು ಮುಂದಿನ ಸಲಕ್ಕೆ ಬಿಟ್ಟ.

ಎಂಬತ್ತಾರರ ಮಾಗಿಯಲ್ಲಿ ಪಟಾಲಮ್ಮ ತೀರಿಕೊಂಡಳು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದ. ತಿಥಿಯ ದಿನ ಕದರಪ್ಪ ಕೊಲ್ಲಾಪುರಮ್ಮನನ್ನು ತೋಟದ ಹೆಸರು ಕೇಳಿದ. ಅವಳು, ಲಾರಿಯಲ್ಲಿ ಕರೆದುಕೊಂಡು ಹೋಗುತ್ತಿದ್ದರು, ಹೆಸರು ಅಕ್ಕನಿಗೇ ಗೊತ್ತಿತ್ತು ಎಂದಳು.