ಬಾಗಿಲ ಮುಂದಿನ ಕಂದು ಶೂ

ಅಕ್ಕನ ಮನೆ ಮೂರನೇ ಮಹಡಿಯಲ್ಲಿ. ಲಿಫ್ಟ್ ರಿಪೇರಿ ಮಾಡುವ ತಮ್ಮ ಅಲ್ಲಿಗೆ ಮೆಟ್ಟಿಲು ಹತ್ತಿಯೇ ಹೋಗುತ್ತಿದ್ದ. ತನ್ನ ಕೈ ಸೋಕದ ಲಿಫ್ಟನ್ನು ನಂಬುವ ಪೈಕಿ ಅಲ್ಲ ಅವನು. ಜೊತೆಗಾರರು ಅವನಿಗೆ ಸ್ಪ್ಯಾನರ್ ಎಂದು ಹೆಸರಿಟ್ಟಿದ್ದರು. ಒಮ್ಮೆ ಹಿಡಿದರೆ ಬಿಡುವ ಜಾಯಮಾನ ಅವನದಲ್ಲ, ಹಟವನ್ನೂ ಸೇರಿಸಿ.

ಈ ಹಟ ಹುಟ್ಟಿದ್ದು ಕಾಲಿನ ವಿಷಯಕ್ಕೆ. ಶೂ ಹೊರಗೆ ಬಿಟ್ಟು ಒಳಗೆ ಬರಬೇಕೆನ್ನುವುದಕ್ಕೆ ಆ ಕಟ್ಟಡದಲ್ಲಿ ಯಾರದೂ ತಕರಾರಿಲ್ಲ. ಒಂದು ಸಂಜೆ ಸ್ಪ್ಯಾನರನೂ ಬಿಟ್ಟೇ ಬಂದಿದ್ದ. ಆದರೆ ದಿನವಿಡೀ ಲಿಫ್ಟಿನ ತಳದ ಗುಂಡಿಯಲ್ಲಿ ದುಡಿದ ಕಾಲು. ಶೂವಿನೊಳಗೂ ಇಳಿದು ಕಾಲುಚೀಲಕ್ಕೆ ಮೆತ್ತಿದ್ದ ಗ್ರೀಸು ಹೊಸ ಜಮಖಾನೆಯ ಮೇಲೆ ಹೆಜ್ಜೆ ಹೆಜ್ಜೆಗೂ ಅಚ್ಚೊತ್ತಿತು. ಇಂಥವರು ಶೂ ಬಿಟ್ಟರೆ ಸಾಲದು, ಕಾಲನ್ನೂ ಹೊರಗೇ ಬಿಟ್ಟು ಬರಬೇಕು ಎಂದು ಭಾವ ನೆಂಟರ ಎದುರಿಗೆ ನಗೆಯಾಡಿದ. ನೆಂಟರೂ ನಕ್ಕರು. ಸ್ಪ್ಯಾನರನಿಗೆ ಮೈಯೆಲ್ಲ ಉರಿದುಹೋಯಿತು. ಮೆಟ್ಟಿಲಿಳಿಯುತ್ತಾ, ಇನ್ನು ಈ ಮನುಷ್ಯನ ಶೂ ಬಾಗಿಲಲ್ಲಿದ್ದರೆ ಆ ಮನೆಗೆ ಕಾಲಿಡುವುದಿಲ್ಲ ಎಂದು ಶಪಥ ಮಾಡಿದ. ಅದನ್ನು ಅಕ್ಕನಿಗೆ ಹೇಳಲಿಲ್ಲ. ಪಾಪ, ನಡುವೆ ಅವಳೇಕೆ ನುಜ್ಜುಗುಜ್ಜಾಗಬೇಕು? ನಕ್ಕ ನೆಂಟರ ಸಹವಾಸವನ್ನಂತೂ ಅಂದೇ ಬಿಟ್ಟ.

ಅಕ್ಕನನ್ನು ಬಿಟ್ಟಿರುವುದು ಮಾತ್ರ ಅವನ ಕೈಲಾಗುವ ಕೆಲಸವಲ್ಲ. ಅಮ್ಮ ತೀರಿಕೊಂಡ ಮೇಲೆ ತುತ್ತು ತಿನ್ನಿಸಿ ಬೆಳೆಸಿದವಳು ಅವಳು. ಪುಣ್ಯಕ್ಕೆ ಭಾವನದು ಔಷಧಿ ಮಾರುತ್ತಾ ಊರೂರು ತಿರುಗುವ ಕೆಲಸ. ಬಾಗಿಲಲ್ಲಿ ಭಾವನ ಕಂದು ಶೂ ಕಾಣದ ದಿನ ಸ್ಪ್ಯಾನರ್ ಒಳಗೆ ಹೋಗಿ, ಹೊಟ್ಟೆ ತುಂಬ ಉಂಡು, ಕೆಟ್ಟ ನಲ್ಲಿಯನ್ನೋ ಮಿಕ್ಸಿಯನ್ನೋ ಸರಿಮಾಡಿ ಬರುತ್ತಿದ್ದ. ಕಂಡ ದಿನ ಸದ್ದಿಲ್ಲದೆ ಇಳಿದು, ಅಕ್ಕನಿಗೆಂದು ತಂದ ಹಣ್ಣನ್ನು ದಾರಿಯಲ್ಲಿ ತಾನೇ ತಿಂದು ಮುಗಿಸುತ್ತಿದ್ದ.

ಆಮೇಲೆ ಏನಾಯಿತೋ, ಶೂ ಬಾಗಿಲು ಬಿಟ್ಟು ಕದಲದಾಯಿತು. ಯಾವಾಗ ಹೋದರೂ ಅಲ್ಲೇ. ಇವತ್ತು ಅದರ ಮೂತಿ ಗೋಡೆಗೆ, ಇನ್ನೊಂದು ದಿನ ಮೆಟ್ಟಿಲಿಗೆ; ಅಂದರೆ ಯಜಮಾನರು ಓಡಾಡಿಕೊಂಡೇ ಇದ್ದಾರೆ. ತಿರುಗಾಟ ತಪ್ಪಿಸಿ ಆಫೀಸಿನಲ್ಲೇ ಕುರ್ಚಿ ಕೊಟ್ಟಿರಬೇಕು ಎಂದುಕೊಂಡ ಸ್ಪ್ಯಾನರ್. ಹಣ್ಣಿನ ಚೀಲವನ್ನು ಬಾಗಿಲ ಹಿಡಿಗೆ ನೇತುಹಾಕಿ ಬರತೊಡಗಿದ. ಒಳಗೆ ಯಾಕೆ ಬರಲಿಲ್ಲ ಎಂದು ಅಕ್ಕ ಫೋನಿನಲ್ಲಿ ಕೇಳಿದರೆ ಅರ್ಜೆಂಟ್ ಕೆಲಸವಿತ್ತು ಎನ್ನುತ್ತಿದ್ದ. ಅವಳು ಹೂಂ ಎನ್ನುತ್ತಿದ್ದಳು. ಬರಬರುತ್ತಾ ಕೇಳುವುದನ್ನೂ ಬಿಟ್ಟಳು. ಭಾವನ ಸುದ್ದಿ ಇವನು ಎತ್ತುತ್ತಿರಲಿಲ್ಲ, ಅವಳೂ ಎತ್ತುತ್ತಿರಲಿಲ್ಲ.

ಅಷ್ಟರಲ್ಲಿ ಸ್ಪ್ಯಾನರನ ಮದುವೆ ಗೊತ್ತಾಯಿತು. ಅಮ್ಮನ ಜಾಗದಲ್ಲಿ ನಿಲ್ಲಬೇಕಾದವಳನ್ನು ಫೋನಿನಲ್ಲಿ ಕರೆಯಲಾದೀತೇ? ಅಕ್ಕನನ್ನು ಕರೆದು ಭಾವನನ್ನು ಬಿಡಲೂ ಆಗದು. ಹಟ ಬಿಡುವುದು ಅವನಿಗೆ ಹಲ್ಲು ಕೀಳಿಸಿಕೊಂಡಷ್ಟೇ ಸುಖ. ಆದರೂ ಲಿಫ್ಟಿನ ಗುಂಡಿಯಲ್ಲಿ ನಿಂತು, ಹಳೆಯದನ್ನು ಮರೆತುಬಿಡಿ ಭಾವ ಎಂದು ನಾಲಿಗೆ ಹೊರಳುವವರೆಗೂ ಅಭ್ಯಾಸ ಮಾಡಿದ. ಹೊಸ ಕಾಲುಚೀಲ ಕೊಂಡ.

ಕಂದು ಶೂ ಅಲ್ಲೇ ಇತ್ತು. ಪಕ್ಕದಲ್ಲಿ ತನ್ನದನ್ನು ಬಿಚ್ಚಿಟ್ಟು ಬೆಲ್ ಒತ್ತಿದ. ಬಾಗಿಲು ತೆರೆದ ಅಕ್ಕ ಸೊರಗಿದ್ದಳು. ಮೊದಲು ಅವನ ಮುಖ ನೋಡಿದಳು, ಆಮೇಲೆ ಕಾಲು ನೋಡಿದಳು, ಪಕ್ಕಕ್ಕೆ ಸರಿದಳು. ಸ್ಪ್ಯಾನರ್ ಎದೆ ಗಟ್ಟಿಮಾಡಿಕೊಂಡು ಕೋಣೆಯ ಕಡೆ ನೋಡುತ್ತಾ, ಭಾವ ಮಲಗಿದ್ದಾರಾ ಎಂದು ಕೇಳಿದ.

ಅಕ್ಕ ಆದದ್ದನ್ನೆಲ್ಲ ಹೇಳಿದಳು. ಕಳೆದ ಮಳೆಗಾಲದಲ್ಲೇ ಭಾವ ಬೇರೊಬ್ಬಳ ಜೊತೆ ಸಂಸಾರ ಹೂಡಲು ಹೋಗಿದ್ದ. ಒಂಟಿ ಹೆಂಗಸು ಎಂದು ತಿಳಿದ ಯಾರೋ ಒಂದು ಮಧ್ಯಾಹ್ನ ಬಾಗಿಲು ತಳ್ಳಿ ನೋಡಿದ್ದರು. ಅವತ್ತಿನಿಂದ ಅವಳು ಗಂಡ ಬಿಟ್ಟುಹೋದ ಹಳೆಯ ಶೂವನ್ನು ಹೊರಗಿಟ್ಟು, ಆಗಾಗ ಅತ್ತಿತ್ತ ತಿರುಗಿಸಿಡುತ್ತಿದ್ದಳು. ಇಷ್ಟನ್ನು ಹೇಳುವಾಗ ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ನನಗೊಂದು ಮಾತು ಹೇಳಬಾರದಿತ್ತೇ ಎಂದು ಸ್ಪ್ಯಾನರ್ ರೇಗಿದ.

“ನೆಂಟರು ಯಾರಾದ್ರೂ ಹೇಳಿರ್ತಾರೆ ಅಂದ್ಕೊಂಡೆ. ನಿನ್ನ ಹೆಜ್ಜೆ ಸದ್ದು ನಂಗೆ ಗೊತ್ತಾಗಲ್ವೇನೋ? ಬಾಗಿಲ ತನಕ ಬಂದು ಇಳಿದು ಹೋಗ್ತಿದ್ದೆ. ಗಂಡ ಬಿಟ್ಟವಳ ಮನೆ ಅಂತ ಒಳಗೆ ಬರಲ್ಲ ಅಂದ್ಕೊಂಡೆ.”

ಸ್ಪ್ಯಾನರ್ ಇದ್ದಲ್ಲೇ ನೆಲಕ್ಕೆ ಕುಳಿತು, ಮೆಟ್ಟಿಲ ಮೇಲೆ ಮಾಡಿದ ಶಪಥವನ್ನು ತಡವರಿಸುತ್ತಾ ಹೇಳಿ ಮುಗಿಸಿದ. ಮದುವೆಯ ಸುದ್ದಿ ಬಾಯಲ್ಲೇ ಉಳಿಯಿತು. ಅಕ್ಕ ಅವನ ಎದುರಿಗೆ ಕುಳಿತಳು.

“ಕಳ್ಳಕಾಕರು ಬರದೆ ಇರ್ಲಿ ಅಂತ ಇಟ್ಟೆ ಕಣೋ. ಅವರೂ ಬರಲಿಲ್ಲ, ನೀನೂ ಬರಲಿಲ್ಲ.”